ಕಾಕವಿ ಮೀನು, ಸಿಗದ ಒಂದು ಮುಳ್ಳು

ಅಪ್ಪನನ್ನು ನಾವು ಕಾಕಾನ ಗಾಣದಲ್ಲಿ ತೂಗುತ್ತಿದ್ದೆವು. ಮಳೆಗಾಲವಾದ್ದರಿಂದ ಗಾಣ ಬಂದ್ ಇತ್ತು. ಆದರೆ ಬೆಲ್ಲದ ಮುದ್ದೆ ತೂಗುವ ಕಾಟಾ ತಗಡಿನ ಪತ್ರಾಸಿನ ಕೆಳಗೆ ಹಾಗೇ ಇತ್ತು. ಅದರ ಮೇಲೆ ಪ್ಲಾಸ್ಟಿಕ್ ಕುರ್ಚಿ ಇಟ್ಟು, ಕಾಕಾ ಮತ್ತು ನಾನು ಅಪ್ಪನನ್ನು ಎತ್ತಿ ಕೂರಿಸುತ್ತಿದ್ದೆವು. ಬಂದ ಅಂಕಿಯಿಂದ ಕುರ್ಚಿಯ ಎರಡು ಕಿಲೋ ಮುನ್ನೂರು ಗ್ರಾಂ ಕಳೆದು ನೋಟುಬುಕ್ಕಿನಲ್ಲಿ ಬರೆಯುತ್ತಿದ್ದೆ. ಲಕ್ವಾ ಹೊಡೆಯುವ ಮೊದಲು ಐವತ್ತೆಂಟು. ಮಿರಜದ ಆಸ್ಪತ್ರೆಯಿಂದ ಮನೆಗೆ ಬಂದ ದಿನ ಐವತ್ತೊಂದು. ಹತ್ತು ದಿನಗಳ ಮೇಲೆ ನಲವತ್ತೊಂಬತ್ತು. ಹತ್ತೊಂಬತ್ತನೆಯ ದಿನ ನಲವತ್ತೇಳೂವರೆ.

ನಲವತ್ತೆಂಟು ಎಂಬುದು ಡಾಕ್ಟರು ಹೇಳಿದ ಅಂಕಿ. "ಮುಂದಿನ ಸಲ ಬಂದಾಗ ಅಷ್ಟು ಇರದಿದ್ದರೆ ಮೂಗಿನಿಂದ ಮತ್ತೆ ನಳಿಗೆ ಹಾಕಬೇಕಾಗುತ್ತದೆ" ಎಂದಿದ್ದರು. ಮುಂದಿನ ಸಲ ಎಂದರೆ ಮನೆಗೆ ಬಂದ ನಲವತ್ತನೆಯ ದಿನ.

ಆ ನಳಿಗೆಯನ್ನು ಅಪ್ಪ ಆಸ್ಪತ್ರೆಯಲ್ಲಿ ಎರಡು ಸಲ ಕಿತ್ತೆಸೆದಿದ್ದ. ಎರಡನೆಯ ಸಲದ ನಂತರ ನರ್ಸುಗಳು ಅವನ ಎಡಗೈಯನ್ನು ಮಂಚಕ್ಕೆ ಬ್ಯಾಂಡೇಜಿನಿಂದ ಕಟ್ಟಿದರು. ಬಲಗೈ ಮೊದಲೇ ಸತ್ತಿತ್ತು. ಆಡುತ್ತಿದ್ದ ಒಂದೇ ಕೈಯನ್ನು ಕಟ್ಟುವಾಗ ಅಪ್ಪ ಕೂಗಲಿಲ್ಲ, ನನ್ನ ಕಡೆ ನೋಡಿದ. ಆ ನೋಟವನ್ನು ನಾನು ನೋಟುಬುಕ್ಕಿನಲ್ಲಿ ಬರೆದಿಲ್ಲ. ಆ ದಿನದ ಪುಟದಲ್ಲಿ ತಾರೀಖು ಮಾತ್ರ ಇದೆ.

ನಾನು ಚಿಕ್ಕೋಡಿಯ ಒಂದು ರಕ್ತ ತಪಾಸಣೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಎಣಿಸುವುದು, ಬರೆಯುವುದು, ಇನ್ನೊಮ್ಮೆ ಎಣಿಸುವುದು ನನಗೆ ರೂಢಿ. ಹಾಗಾಗಿ ಅಪ್ಪನ ಊಟಕ್ಕೂ ಒಂದು ಪುಟ ಹಾಕಿದ್ದೆ. ನುಂಗುವುದನ್ನು ಮತ್ತೆ ಕಲಿಸುವ ಮೇಡಂ ಒಬ್ಬರು ಆಸ್ಪತ್ರೆಯಲ್ಲಿ ಹೇಳಿಕೊಟ್ಟಿದ್ದರು: ನೆಟ್ಟಗೆ ಕೂರಿಸಬೇಕು, ಗದ್ದ ಕೆಳಗೆ ಇರಬೇಕು, ಒಂದು ಚಮಚ ಕೊಟ್ಟು ಕಾಯಬೇಕು. ನುಂಗಿದ ಮೇಲೆ "ಆ" ಅನ್ನಿಸಬೇಕು. ದನಿ ಒಣಗಿದ್ದರೆ ಮುಂದಿನ ಚಮಚ. ನೀರಿನಲ್ಲಿ ಮಾತಾಡಿದಂತೆ ಗೊರಗೊರ ಅಂದರೆ ಅಲ್ಲಿಗೇ ನಿಲ್ಲಿಸಬೇಕು; ಅನ್ನ ಹೊಟ್ಟೆಯ ದಾರಿ ಬಿಟ್ಟು ಶ್ವಾಸಕೋಶದ ದಾರಿ ಹಿಡಿದಿದೆ ಎಂದರ್ಥ. ತೆಳ್ಳಗಿನದು ಅಪಾಯ, ಗಟ್ಟಿಯದು ಇನ್ನೂ ಅಪಾಯ. ಎರಡರ ನಡುವಿನದು ಬೇಕು.

ನಡುವಿನದು ಎಂದರೆ ಅಂಬಲಿ, ಹಿಸುಕಿದ ಅನ್ನ, ಬೇಳೆಕಟ್ಟು. ಅಪ್ಪ ಬಾಯಿ ಬಿಗಿದ. ಚಮಚಗಳ ಲೆಕ್ಕ ಹೀಗಿತ್ತು: ಹನ್ನೊಂದು, ಒಂಬತ್ತು, ಆರು, ಆರು, ನಾಲ್ಕು. ಅವ್ವ ಗೋಗರೆಯುತ್ತಿದ್ದಳು, "ಒಂದರೆ ತಿನ್ರಿ, ನನ್ನ ಸಲುವಾಗಿ ತಿನ್ರಿ." ಅಪ್ಪ ಗೋಡೆ ನೋಡುತ್ತಿದ್ದ. ನನಗೆ ಅವನು ತಿನ್ನದಿದ್ದರೂ ಹೆದರಿಕೆ, ತಿಂದರೂ ಹೆದರಿಕೆ. ಲ್ಯಾಬಿನಲ್ಲಿ ಫೋನು ಬಡಿದರೆ ಕೈಯಲ್ಲಿದ್ದ ಸೀಸೆ ಕೆಳಗಿಟ್ಟು, ಒಂದರಿಂದ ಐದರವರೆಗೆ ಎಣಿಸಿ, ಆಮೇಲೆ ಯಾರದೆಂದು ನೋಡುತ್ತಿದ್ದೆ.

ಹತ್ತೊಂಬತ್ತನೆಯ ದಿನ ಸಂಜೆ ಅಪ್ಪನ ಪಕ್ಕ ಕೂತು ಮೊಬೈಲಿನಲ್ಲಿ ಮೆತ್ತಗಿನ ಅಡುಗೆಗಳನ್ನು ಹುಡುಕುತ್ತಿದ್ದೆ. ಜಪಾನಿನ ಒಬ್ಬ ಮುದುಕಿಯ ವಿಡಿಯೊ ಬಂತು. ಬಾಣಲೆಯಲ್ಲಿ ಕಂದು ಪಾಕ ಕುದಿಯುತ್ತಿತ್ತು. ಸೋಯಾ ಸಾಸು, ಸಕ್ಕರೆ, ಶುಂಠಿ, ಮತ್ತೆ ಅವರ ದೇಶದ ಯಾವುದೋ ಸಿಹಿ ಮದ್ಯ. ಮೀನಿನ ತುಂಡುಗಳ ಮೇಲೆ ಆ ಪಾಕವನ್ನು ಚಮಚದಿಂದ ಮತ್ತೆ ಮತ್ತೆ ಸುರಿಯುತ್ತಿದ್ದಳು. ತುಂಡುಗಳು ಎಣ್ಣೆ ಒರೆಸಿದ ಕಟ್ಟಿಗೆಯಂತೆ ಹೊಳೆಯುತ್ತಿದ್ದವು. ಅಪ್ಪ ಕತ್ತು ಮುಂದೆ ಚಾಚಿದ. ಅವಳು ಬಾಣಲೆ ಇಳಿಸಿದ ಕೂಡಲೇ "ಚ್" ಎಂದ.

"ಹದಾ... ಬಂದಿಲ್ಲ."

ಲಕ್ವಾ ಹೊಡೆದ ಮೇಲೆ "ಹೂಂ" ಬಿಟ್ಟು ಅವನ ಬಾಯಿಂದ ಬಂದ ಮೊದಲ ಮಾತು ಅದು. ಅಪ್ಪ ಗುಳವ್ಯಾ ಆಗಿದ್ದ. ಗಾಣದ ದೊಡ್ಡ ಕಡಾಯಿಯ ಮುಂದೆ ನಿಂತು, ಕುದಿಯುವ ಕಬ್ಬಿನ ಹಾಲು ಬೆಲ್ಲವಾಗುವ ಗಳಿಗೆ ಯಾವುದೆಂದು ಹೇಳುವವನೇ ಗುಳವ್ಯಾ. ಅವನು "ಹದಾ ಬಂತು" ಅನ್ನುವತನಕ ನಾಲ್ಕು ಆಳು ಕಡಾಯಿಯ ಕಿವಿ ಹಿಡಿದು ಕಾಯುತ್ತಿದ್ದರು. ಗಾಣದ ಮಾಲಕ ಕಾಕಾನೇ ಆದರೂ ಆ ಗಳಿಗೆಯಲ್ಲಿ ಅವನೂ ಆಳು. ನಾನು ವಿಡಿಯೊ ಮತ್ತೆ ಹಾಕಿದೆ. ಅಪ್ಪ ಮತ್ತೆ "ಚ್" ಎಂದ. ಮೂರು ಸಲ ಹಾಕಿದೆ, ಮೂರು ಸಲವೂ ಅಂದ. ಆ ಸಂಜೆ ಅವನು ತಿಂದದ್ದು ಐದು ಚಮಚ. ನಾಲ್ಕಕ್ಕಿಂತ ಒಂದು ಹೆಚ್ಚು.

ಕಾಕವಿ ಹಾಕಿ ಅದೇ ಮೀನನ್ನು ಅಪ್ಪನಿಗೆ ಮಾಡುತ್ತೇನೆ ಎಂದು ಅವ್ವನಿಗೆ ಹೇಳಿದಾಗ ಅವಳು ಹಿಟ್ಟು ನಾದುವುದನ್ನು ನಿಲ್ಲಿಸಿದಳು.

"ಮೀನಿಗೆ ಕಾಕವಿ ಹಾಕ್ತಾರೇನ ಬೇ? ಯಾರರೆ ಕೇಳಿದ್ರ ನಗ್ತಾರ."

"ಜಪಾನದಾಗ ಸಕ್ಕರಿ ಹಾಕ್ತಾರವ್ವ. ನಮ್ಮನ್ಯಾಗ ಕಾಕವಿ ಐತಿ, ಅದನ್ನ ಹಾಕೂಣು."

"ಜಪಾನದಾಗ ನಿಮ್ಮಪ್ಪ ಅದಾರೇನ? ಇಲ್ಲಿ ಅದಾರ. ಗಂಟಲಾಗ ಮುಳ್ಳ ಸಿಕ್ರ ಯಾರಿಗಿ ಕರೀಲಿ?"

ಕಾಕವಿ ಎಂದರೆ ಬೆಲ್ಲವಾಗಲು ಸ್ವಲ್ಪ ಮೊದಲು ಕಡಾಯಿಯಿಂದ ತೆಗೆದಿಟ್ಟ ಪಾಕ. ಕಳೆದ ಹಂಗಾಮಿನಲ್ಲಿ ಅಪ್ಪನೇ ತೆಗೆದ ಐದು ಲೀಟರಿನ ಕ್ಯಾನು ಮಾಡಿನ ಕೆಳಗಿತ್ತು. ಸಕ್ಕರೆ ಕಾಯಿಲೆ ಅವನಿಗಿಲ್ಲ. ನಮ್ಮ ಲ್ಯಾಬಿನಲ್ಲೇ ನೋಡಿದ್ದೆ. ಬಿ.ಪಿ. ಇತ್ತು, ಆದ್ದರಿಂದ ಸೋಯಾ ಸಾಸು ಒಂದೇ ಚಮಚ, ಬೇರೆ ಉಪ್ಪು ಇಲ್ಲ ಎಂದು ಬರೆದುಕೊಂಡೆ. ಸಾಸನ್ನು ಅದೇ ರಾತ್ರಿ ಊರಿನ ಗೋಬಿ ಮಂಚೂರಿ ಗಾಡಿಯವನಿಂದ ಚಿಕ್ಕ ಬಾಟಲಿಯಲ್ಲಿ ತಂದೆ. ಇನ್ನು ಉಳಿದದ್ದು ಮುಳ್ಳು.

ಭಾನುವಾರ ಬೆಳಿಗ್ಗೆ ಬೇಡಕಿಹಾಳದ ಬಸ್ ನಿಲ್ದಾಣದ ಹತ್ತಿರ ಹೊಳೆಯ ಮೀನು ಮಾರುವ ಹೆಂಗಸೊಬ್ಬಳು ಕೂರುತ್ತಾಳೆ; ಎಲ್ಲರೂ ಅವಳನ್ನು ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಾರೆ. ಅವಳನ್ನೇ ಕೇಳಿದೆ.

"ಮಾವಶಿ, ಮುಳ್ಳ ಇಲ್ಲದ್ದು ಕೊಡ."

"ಮುಳ್ಳ ಬ್ಯಾಡಂದ್ರ ಕುಂಬಳಕಾಯಿ ತಗೋ, ಬಾಳಾ." ಆಮೇಲೆ ನನ್ನ ಮುಖ ನೋಡಿ ದನಿ ಇಳಿಸಿದಳು. "ಯಾರಿಗಿ ಬೇಕಾಗೇತಿ?"

ಹೇಳಿದೆ. ಅವಳು ಎರಡು ಮೀನು ಹೊರಳಿಸಿ ನೋಡಿ ದೊಡ್ಡ ಕಟ್ಲಾ ಒಂದನ್ನು ಆರಿಸಿದಳು. "ಸುರಮಾಯಿ ಇದ್ರ ಚಲೋ ಇತ್ತು, ನಡುವ ಒಂದ ಎಲುಬ. ಖರೆ ಈ ಮಳ್ಯಾಗ ಸಮುದ್ರದ್ದು ತಾಜಾ ಬರೂದಿಲ್ಲ. ದೊಡ್ಡ ಮೀನಿಂದು ಮುಳ್ಳ ದೊಡ್ಡು, ಕಣ್ಣಿಗಿ ಕಾಣ್ತಾವ. ಮದಲ ಉಗ್ಯಾಗ ಬೇಯಿಸ, ಆಮ್ಯಾಲ ತಗಿ." ಹೊಟ್ಟೆಯ ಮೇಲಿನ ದಪ್ಪ ಭಾಗವನ್ನು ಎಡ ಪಕ್ಕೆ, ಬಲ ಪಕ್ಕೆ ಎಂದು ಸೀಳಿ ಬೇರೆ ಬೇರೆ ಚೀಲಕ್ಕೆ ಹಾಕಿಕೊಟ್ಟಳು.

ಇಡ್ಲಿ ಪಾತ್ರೆಯಲ್ಲಿ ಎಂಟು ನಿಮಿಷ ಬೇಯಿಸಿದೆ. ಬೆಂದ ಮಾಂಸದಿಂದ ಮುಳ್ಳುಗಳ ತುದಿ ಮೇಲೆದ್ದವು. ಒಂದೊಂದೂ ಕವಲೊಡೆದ ಸಣ್ಣ ಕಡ್ಡಿ. ಹುಬ್ಬು ಕೀಳುವ ಚಿಮಟದಿಂದ ಹಿಡಿದು ಎಳೆದೆ. ಎಡ ಪಕ್ಕೆಯದು ಒಂದು ವಾಟಗದಲ್ಲಿ, ಬಲ ಪಕ್ಕೆಯದು ಇನ್ನೊಂದರಲ್ಲಿ. ಎಡ ಇಪ್ಪತ್ತಾರು, ಬಲ ಇಪ್ಪತ್ತಾರು. ಎರಡು ಸಲ ಎಣಿಸಿದೆ. ಲೆಕ್ಕ ಕೂಡಿತು. ಎರಡೂ ಕಡೆ ಸಮ ಬಂದರೆ ಒಂದೂ ಉಳಿದಿಲ್ಲ ಎಂದು ಆ ದಿನ ನಾನೇ ಒಂದು ನಿಯಮ ಮಾಡಿಕೊಂಡೆ.

ಅಪ್ಪನ ಕುರ್ಚಿಯನ್ನು ಅಡುಗೆಮನೆಯ ಬಾಗಿಲಿಗೆ ತಂದೆವು. ಬಾಣಲೆಯಲ್ಲಿ ಕಾಕವಿ, ಸಾಸು, ಶುಂಠಿಯ ರಸ, ಅರ್ಧ ಕಪ್ ನೀರು. ಕುದಿ ಬಂದ ಕೂಡಲೇ ಅಪ್ಪನ ಮುಖ ಬದಲಾಯಿತು. ಎಡಗೈ ಎತ್ತಿ ಉರಿ ಸಣ್ಣ ಮಾಡಿಸಿದ, ದೊಡ್ಡ ಮಾಡಿಸಿದ. ನಾನು "ಆತೇನಪ್ಪ?" ಅಂದರೆ ತಲೆ ಅಲ್ಲಾಡಿಸುತ್ತಿದ್ದ. ಎರಡು ಸಲ ಹಾಗಾಯಿತು. ಆಮೇಲೆ ನೀರಿನ ವಾಟಗದ ಕಡೆ ಬೆರಳು ತೋರಿಸಿದ. ತಣ್ಣೀರಿನಲ್ಲಿ ಒಂದು ಹನಿ ಬಿಟ್ಟೆ. ಹನಿ ಹರಡಲಿಲ್ಲ, ಗೋಲಿಯಾಗಿ ತಳಕ್ಕೆ ಕೂತಿತು.

"ಹದಾ ಬಂತು" ಎಂದ ಅಪ್ಪ. ಸ್ಪಷ್ಟವಾಗಿ.

ಮೀನು ಹಾಕಿ, ಪಾಕ ಸುರಿದು, ತಾಟಿಗೆ ಇಳಿಸಿದೆ. ಬಿಸಿ ಆರಲೆಂದು ಹತ್ತು ನಿಮಿಷ ಬಿಟ್ಟೆವು. ಚಮಚ ಹಚ್ಚಿದರೆ "ಟಕ್" ಎಂದಿತು. ಮತ್ತೆ ಒತ್ತಿದೆ. ಮೀನಿನ ಸುತ್ತ ಬೆಲ್ಲ ಕಟ್ಟಿಕೊಂಡಿತ್ತು. ಅಚ್ಚಿನಿಂದ ಬಡಿದು ತೆಗೆದ ಮುದ್ದೆಯಂತೆ, ಅಂಚು ಕೂಡ ಚೂಪಾಗಿತ್ತು. ಬೆಲ್ಲದ ಮನೆಯವರಲ್ಲದೆ ಬೇರೆ ಯಾರೂ ಆ ತಪ್ಪು ಮಾಡುತ್ತಿರಲಿಲ್ಲ. ಅಪ್ಪ ನಲವತ್ತು ವರ್ಷ ನೋಡಿದ್ದು ಒಂದೇ ಹದ, ಗಟ್ಟಿಯಾಗುವ ಹದ. ಅದನ್ನೇ ಹೇಳಿದ್ದ, ನಾನು ಅದನ್ನೇ ಕೇಳಿದ್ದೆ.

ಅವ್ವ ಸೆರಗು ಬಾಯಿಗಿಟ್ಟು ನಕ್ಕಳು. "ಸಂತಿಗಿ ಒಯ್ಯರಿ, ಕಿಲೋದ ಮ್ಯಾಲ ಹೋಗತೈತಿ."

ಅಪ್ಪನೂ ನಕ್ಕ. ನಗುವಾಗ ಬಾಯಲ್ಲಿ ತುಂಬಿದ್ದ ಜೊಲ್ಲು ತಪ್ಪು ದಾರಿ ಹಿಡಿಯಿತು. ಕೆಮ್ಮು ಶುರುವಾಯಿತು. ಮುಖ ಕೆಂಪಾಗಿ, ಆಮೇಲೆ ಕಪ್ಪಿಟ್ಟಿತು. ಅವನನ್ನು ಮುಂದಕ್ಕೆ ಬಾಗಿಸಿ ಬೆನ್ನು ಹಿಡಿದುಕೊಂಡೆ. ಬನಿಯನ್ನಿನ ಮೂಲಕ ಬೆನ್ನಿನ ಎಲುಬುಗಳು ನನ್ನ ಅಂಗೈಗೆ ಒಂದೊಂದಾಗಿ ಹತ್ತಿದವು. ಅವ್ವನ ನಗು ಯಾವಾಗ ಅಳುವಾಯಿತೋ ತಿಳಿಯಲಿಲ್ಲ. ಕೆಮ್ಮು ನಿಂತಿತು. ಆ ದಿನದ ಪುಟ: ಮೀನು ಸೊನ್ನೆ ಚಮಚ, ಅಂಬಲಿ ಮೂರು. ಕೆಮ್ಮು, ಅಂದಾಜು ಎರಡು ನಿಮಿಷ. ಆ ಅಂದಾಜನ್ನು ಈಗಲೂ ನಾನು ನಂಬುವುದಿಲ್ಲ. ಅಷ್ಟು ಕಡಿಮೆ ಇರಲಾರದು.

ಆ ವಾರ ಏನೂ ಪ್ರಯೋಗ ಮಾಡಲಿಲ್ಲ. ಲ್ಯಾಬಿನಿಂದ ಬಸ್ಸಿನಲ್ಲಿ ಬರುವಾಗ ಮನೆಯ ಮುಂದೆ ಜನ ನೆರೆದಿದ್ದಾರೆಯೇ ಎಂದು ತಿರುವಿನಿಂದಲೇ ನೋಡುತ್ತಿದ್ದೆ. ಶನಿವಾರ ಕಾಟಾದ ಮೇಲೆ ನಲವತ್ತೇಳಕ್ಕೆ ನೂರು ಗ್ರಾಂ ಕಡಿಮೆ. ಕಾಕಾ ಅಂಕಿ ನೋಡಿ ಬೇರೆ ಕಡೆ ತಿರುಗಿದ. "ಕಾಟಾ ಹಳೇದ ಐತಿ, ಇಲಿ ಕಡದಾವ" ಎಂದ. ಕಾಟಾಕ್ಕೆ ಇಲಿ ಏನು ಮಾಡುತ್ತದೆ? ಬಂದ ಅಂಕಿಯನ್ನೇ ಬರೆದುಕೊಂಡೆ. ಮಿರಜಕ್ಕೆ ಹದಿನಾಲ್ಕು ದಿನ ಉಳಿದಿತ್ತು. ನಾವು ಕುರ್ಚಿಯಿಂದ ಎತ್ತುವ ಮೊದಲು ಅಪ್ಪ ತನ್ನ ಎಡಗೈಯ ಮಣಿಕಟ್ಟನ್ನು ಮಡಿಲಲ್ಲಿ ಉಜ್ಜಿಕೊಂಡ, ಬ್ಯಾಂಡೇಜು ಕಟ್ಟಿದ್ದ ಜಾಗವನ್ನೇ.

ಮರುದಿನ ಮತ್ತೆ ಮೀನು ತಂದೆ.

ಈ ಸಲ ಎಡ ಪಕ್ಕೆಯಲ್ಲಿ ಇಪ್ಪತ್ತೇಳು ಮುಳ್ಳು ಬಂದವು. ಬಲದಲ್ಲಿ ಇಪ್ಪತ್ತಾರು. ಮತ್ತೆ ಎಣಿಸಿದೆ. ನೆಲದ ಮೇಲೆ ಹುಡುಕಿದೆ, ಚಿಮಟದ ಬಾಯಲ್ಲಿ, ನನ್ನ ಅಂಗಿಯ ತೋಳಿನಲ್ಲಿ ಹುಡುಕಿದೆ. ಬಲ ಪಕ್ಕೆಯ ಮಾಂಸವನ್ನು ಬೆರಳಿನಿಂದ ಸವರಿದೆ, ಮೊದಲು ಮೇಲಿನಿಂದ ಕೆಳಗೆ, ಆಮೇಲೆ ಅಡ್ಡಲಾಗಿ. ಏನೂ ಹತ್ತಲಿಲ್ಲ. ಒಂದು ಮುಳ್ಳು ಒಳಗಿತ್ತು, ಅಥವಾ ಇರಲಿಲ್ಲ. ಕೊನೆಗೆ ಎಡ ಪಕ್ಕೆಯ ಎರಡು ತುಂಡು ಅಪ್ಪನಿಗೆ, ಬಲ ಪಕ್ಕೆಯ ಎರಡು ನನಗೆ ಮತ್ತು ಅವ್ವನಿಗೆ ಎಂದು ನಿರ್ಧರಿಸಿದೆ. ಬಾಣಲೆಯ ಹಿಡಿಕೆಯ ಕಡೆ ಅಪ್ಪನವು, ಆಚೆ ಕಡೆ ನಮ್ಮವು.

ಪಾಕ ಕುದಿಯಿತು. ಅಪ್ಪ ಬಾಗಿಲಲ್ಲಿ ಕೂತು ಗುಳ್ಳೆಗಳನ್ನೇ ನೋಡುತ್ತಿದ್ದ. ಈ ಸಲ ಹನಿ ಗೋಲಿಯಾಗುವ ಮೊದಲೇ ಇಳಿಸಬೇಕು ಎಂದು ವಾರವಿಡೀ ನನಗೆ ನಾನೇ ಹೇಳಿಕೊಂಡಿದ್ದೆ. ಆದರೆ ಅವನು ಎದುರಿಗೆ ಇದ್ದಾಗ ಕೈ ಮುಂದೆ ಹೋಗಲಿಲ್ಲ. ಅವನ ಮಾತಿಗಿಂತ ಮೊದಲು ಕಡಾಯಿ ಮುಟ್ಟಿದವರನ್ನು ನಾನು ಕಂಡಿಲ್ಲ. ನಾನು ಚಿಕ್ಕವಳಿದ್ದಾಗ ಒಬ್ಬ ಆಳು ಮುಟ್ಟಿದ್ದನಂತೆ. ಇಡೀ ಕಡಾಯಿ ಬೆಲ್ಲವಾಗದೆ ಹೋಯಿತು, ಅವನನ್ನು ಮತ್ತೆ ಯಾವ ಗಾಣದವರೂ ಕರೆಯಲಿಲ್ಲ ಎಂದು ಅಪ್ಪನೇ ಹೇಳುತ್ತಿದ್ದ. ಚಮಚ ಎತ್ತಿದೆ. ಪಾಕ ಜೇನಿನಂತೆ ದಾರವಾಗಿ ಇಳಿಯಿತು.

"ಇನ್ನ ಬಂದಿಲ್ಲ" ಎಂದ ಅಪ್ಪ.

ನಾನು ಒಲೆ ಆರಿಸಿದೆ.

"ಬಂದಿಲ್ಲ ಅಂದ್ನೆಲ್ಲ."

ಬಾಣಲೆ ಇಳಿಸಿದೆ. ಪಾಕದ ಒಂದು ಹನಿ ಹೆಬ್ಬೆರಳಿನ ಬುಡಕ್ಕೆ ಸಿಡಿದು ಅಲ್ಲೇ ಅಂಟಿತು. ಅಪ್ಪ ಮುಖ ಗೋಡೆಗೆ ತಿರುಗಿಸಿದ. ಸುಟ್ಟ ಬೆರಳನ್ನು ನಲ್ಲಿಯ ಕೆಳಗೆ ಹಿಡಿಯಲು ನಾನು ಹೊರಗೆ ಹೋದೆ. ಎರಡು ನಿಮಿಷ ಇರಬಹುದು. ತಿರುಗಿ ಬರುವಷ್ಟರಲ್ಲಿ ಅವ್ವ ಸಹಾಯವಾಗಲೆಂದು ನಾಲ್ಕೂ ತುಂಡನ್ನು ಒಂದೇ ತಾಟಿಗೆ ತೆಗೆದು, ಉಳಿದ ಪಾಕವನ್ನು ಮೇಲೆ ಸುರಿದಿದ್ದಳು.

"ಅವ್ವಾ, ಅಪ್ಪನ್ವು ಯಾವವು?"

"ಎಲ್ಲಾ ಒಂದ ಅಲ್ಲೇನ ಬೇ?"

ನಾಲ್ಕೂ ಒಂದೇ ಆಗಿದ್ದವು. ಅದೇ ಕಂದು, ಅದೇ ಹೊಳಪು. ಮಾಂಸದ ಗೆರೆ ಕಾಣುವಂತಿರಲಿಲ್ಲ. ವಿಡಿಯೊದಲ್ಲಿ ನೋಡಿ ನಾನು ಆಸೆಪಟ್ಟದ್ದು ಅದೇ ಹೊಳಪಿಗೆ. ಅದರ ಕೆಳಗೆ ಎಲ್ಲೋ ಒಂದು ಮುಳ್ಳು ಇರಬಹುದಿತ್ತು. ತಾಟು ಹಿಡಿದು ನಿಂತೆ. ತಿಪ್ಪೆಗೆ ಚೆಲ್ಲಿಬಿಡೋಣ ಎನ್ನಿಸಿತು. ಹದಿಮೂರು ದಿನ, ನಲವತ್ತಾರು ಕಿಲೋ ಒಂಬೈನೂರು ಗ್ರಾಂ. ಚೆಲ್ಲಿದರೆ ಅಂಬಲಿ ಮೂರು ಚಮಚ.

ಆಗ ಗೋಡೆ ನೋಡುತ್ತಿದ್ದ ಅಪ್ಪ ಎಡಗೈ ಚಾಚಿದ. "ತಾ" ಎಂದ. ವಾಸನೆ ಅವನಿಗೆ ಮುಟ್ಟಿತ್ತು.

ಒಂದು ತುಂಡು ಬಿಡಿಸಿದೆ. ಚಮಚದಷ್ಟು ತೆಗೆದು ತಾಟಿನ ಅಂಚಿಗೆ ಮುಳ್ಳು ಹತ್ತುತ್ತದೆಯೇ ಎಂದು ಹೆಬ್ಬೆರಳಿನಿಂದ ತಿಕ್ಕಿ ಒರೆದೆ. ಸುಟ್ಟ ಜಾಗ ಉರಿಯಿತು, ಆದರೆ ಅಲ್ಲಿಯ ಚರ್ಮಕ್ಕೆ ಸಣ್ಣ ಕಾಳೂ ತಿಳಿಯುತ್ತಿತ್ತು. ಏನೂ ಇಲ್ಲ. ಪಾಕದಲ್ಲಿ ಕಲಸಿದೆ. ಮೀನಿನ ಎಸಳುಗಳು ಒಂದಕ್ಕೊಂದು ಅಂಟಿ, ನೀರೂ ಬಿಡದೆ, ಗಟ್ಟಿಯೂ ಆಗದೆ ನಿಂತವು. ಎರಡರ ನಡುವಿನದು. ಅವ್ವ ಗದ್ದ ಹಿಡಿದಳು.

ಒಂದು. ಕಾದೆವು. "ಆ ಅನ್ರಿ." "ಆ." ಒಣ ದನಿ.

ಎರಡು. ಮೂರು. ನಾಲ್ಕು. ಪ್ರತಿ ಸಲ ಒರೆದೆ, ಪ್ರತಿ ಸಲ ಅವನ ಗಂಟಲಿನ ಗಂಟು ಮೇಲೇರಿ ಇಳಿಯುವುದನ್ನು ನೋಡಿದೆ. ಐದನೆಯದಕ್ಕೆ ಅವನೇ ಬಾಯಿ ತೆರೆದು ಕಾಯುತ್ತಿದ್ದ. ನಾನು ಒರೆಯುವುದು ಅವನಿಗೆ ತಡವೆನಿಸಿತೋ ಏನೋ, ಹುಬ್ಬು ಗಂಟಿಕ್ಕಿದ. ಆರನೆಯದನ್ನು ನುಂಗಿದ ಮೇಲೆ ಕೆಮ್ಮಿದ.

ಒಂದು ಸಲ, ಮತ್ತೆ ಎರಡು ಸಲ. ಅವ್ವನ ಕೈ ಗದ್ದದಿಂದ ಜಾರಿತು. "ಮುಳ್ಳ" ಎಂದಳು, ಗಾಳಿಯಷ್ಟು ಸಣ್ಣ ದನಿಯಲ್ಲಿ. ಮನೆಯಿಂದ ಮಿರಜದ ದಾರಿ, ಕಾಕಾನ ಮನೆಯ ಗಾಡಿ, ಅದರ ಕೀಲಿ ಯಾರ ಹತ್ತಿರ ಎಂಬುದೆಲ್ಲ ನನ್ನ ತಲೆಯಲ್ಲಿ ಒಟ್ಟಿಗೆ ಓಡಿತು. ಅಪ್ಪನ ಕಣ್ಣಲ್ಲಿ ನೀರು ಬಂತು. ಕೆಮ್ಮು ನಿಂತಿತು.

"ಅಪ್ಪಾ, ಆ ಅನ್ನು."

ಅನ್ನಲಿಲ್ಲ.

"ಆ ಅನ್ನಪ್ಪಾ. ಒಂದ ಸಲ."

ಅವನು ನನ್ನನ್ನು ನೋಡಿದ. ಮಂಚಕ್ಕೆ ಕೈ ಕಟ್ಟಿದಾಗ ನೋಡಿದ ನೋಟವಲ್ಲ. ಗಾಣದಲ್ಲಿ ಆಳುಗಳನ್ನು ನೋಡುತ್ತಿದ್ದ ನೋಟ.

"ಎಳಸ ಐತಿ" ಎಂದ. "ಇನ್ನೊಂದ ಕುದಿ... ಬೇಕಿತ್ತು. ಹೇಳಿದ್ರ... ಕೇಳೂದಿಲ್ಲ."

ಎಳಸು ಎಂದರೆ ಹದಕ್ಕೆ ಬಾರದ ಪಾಕ. ಏಳು ಪದ, ನಡುವೆ ಎರಡು ಕಡೆ ತಡವರಿಕೆ. ದನಿಯಲ್ಲಿ ಒಂದು ಹನಿ ನೀರೂ ಇಲ್ಲ. ಅವ್ವ ನೆಲದ ಮೇಲೆ ಕೂತುಬಿಟ್ಟಳು. ನಾನು ಏಳನೆಯ ಚಮಚ ಒರೆಯತೊಡಗಿದೆ. ಆ ಮಧ್ಯಾಹ್ನ ಹದಿನಾಲ್ಕು ಚಮಚ ಆಯಿತು.

ಉಳಿದ ಎರಡೂವರೆ ತುಂಡನ್ನು ನಾನೂ ಅವ್ವನೂ ತಿಂದೆವು, ಮುಳ್ಳು ಸಿಗಲಿ ಎಂದು ಹಾರೈಸುತ್ತ. ಸಿಗಲಿಲ್ಲ. ಹಾಗಾದರೆ ಅದು ಅಪ್ಪನ ಹೊಟ್ಟೆಯಲ್ಲಿತ್ತೇ? ಮೂರು ದಿನ ಅವನ ಹೊಟ್ಟೆ ಒತ್ತಿ ನೋಡಿದೆ, ಜ್ವರ ನೋಡಿದೆ, ಬೆಳಿಗ್ಗೆ ಸಂಜೆ ಉಸಿರು ಎಣಿಸಿದೆ. ನಿಮಿಷಕ್ಕೆ ಹದಿನೆಂಟು, ಹದಿನೇಳು, ಹದಿನೆಂಟು. ಮುಂದಿನ ಭಾನುವಾರ ಮಾವಶಿಗೆ ಎರಡೂ ಕಡೆಯ ಲೆಕ್ಕ ಹೇಳಿದೆ. ಅವಳು ಕತ್ತಿ ಕೆಳಗಿಟ್ಟು ನಕ್ಕಳು.

"ಮೀನೇನ ನಿನ್ನ ವಹಿ ನೋಡಿ ಹುಟ್ಟತೈತೇನ? ಒಂದ ಕಡೆ ಒಂದ ಹೆಚ್ಚ ಇರ್ತೈತಿ, ಒಂದ ಕಡೆ ಕಮ್ಮಿ. ನನ್ನ ಹಲ್ಲರೆ ಎರಡೂ ಕಡೆ ಸಮ ಅದಾವೇನ, ನೋಡ."

ಬಾಯಿ ತೆರೆದು ತೋರಿಸಿದಳು. ಸಮ ಇರಲಿಲ್ಲ. ಆದರೆ ಅದರಿಂದ ನನ್ನ ಹೆದರಿಕೆ ಹೋಗಲಿಲ್ಲ, ಹೆಚ್ಚಾಯಿತು. ಹಾಗಿದ್ದರೆ ಮೊದಲ ಭಾನುವಾರ ಕೂಡಿ ಬಂದ ಇಪ್ಪತ್ತಾರಕ್ಕೂ ಅರ್ಥವಿರಲಿಲ್ಲ. ನಂಬಲು ಉಳಿದದ್ದು ಹೆಬ್ಬೆರಳು ಮಾತ್ರ.

ಆ ಹದಿಮೂರು ದಿನಗಳಲ್ಲಿ ಐದು ಸಲ ಮೀನು ಮಾಡಿದೆವು. ಉಳಿದ ದಿನ ಹಿಸುಕಿದ ಅನ್ನಕ್ಕೂ ತತ್ತಿಗೂ ಅದೇ ಪಾಕ. ಮಿರಜದ ಕಾಟಾದ ಮೇಲೆ ಅಪ್ಪ ನಲವತ್ತೆಂಟು ಕಿಲೋ ಇನ್ನೂರು ಗ್ರಾಂ ಇದ್ದ. ಚಪ್ಪಲಿ ಬಿಚ್ಚಿಸಿರಲಿಲ್ಲ ಎಂಬುದು ನನಗೆ ಗೊತ್ತಿತ್ತು, ನಾನು ಹೇಳಲಿಲ್ಲ. ಡಾಕ್ಟರು ಕಾಗದದ ಮೇಲೆ ಏನೋ ಬರೆದು, "ಸದ್ಯ ನಳಿಗೆ ಬೇಡ. ಇನ್ನೊಂದು ತಿಂಗಳು ನೋಡೋಣ" ಎಂದರು. ಏನು ಕೊಡುತ್ತಿದ್ದೀರಿ ಎಂದು ಕೇಳಿದಾಗ ಅವ್ವ ನನ್ನ ಮುಖ ನೋಡಿದಳು. "ಮೀನ್ರಿ" ಎಂದೆ. ಮುಳ್ಳು ತೆಗೆದಿರುತ್ತೀರಷ್ಟೇ ಎಂದರು. ಹೌದ್ರಿ ಎಂದೆ.

ಮನೆಗೆ ಬಂದು ಅಪ್ಪನ ಚಪ್ಪಲಿ ತೂಗಿದೆ. ನೂರ ತೊಂಬತ್ತು ಗ್ರಾಂ. ಹತ್ತು ಗ್ರಾಂ ನಮ್ಮದು ಎಂದು ಬರೆದೆ.

ಇವತ್ತೂ ಭಾನುವಾರ. ಎಡ ಇಪ್ಪತ್ತೈದು, ಬಲ ಇಪ್ಪತ್ತೇಳು. ಅಪ್ಪ ಬಾಗಿಲಲ್ಲಿ ಕೂತಿದ್ದಾನೆ, ಪಾಕ ಗುಳ್ಳೆಯೆದ್ದಿದೆ, "ಬಂದಿಲ್ಲ" ಎಂದು ಆಗಲೇ ಎರಡು ಸಲ ಹೇಳಿದ್ದಾನೆ. ಮೂರನೆಯ ಸಲ ಹೇಳುವ ಮೊದಲು ನಾನು ಎದ್ದು ಒಲೆ ಆರಿಸಬೇಕು.